ಗಾಳಿ ಟ್ಯಾಂಕಿನ ನೀರು

ಹೋದ ವರ್ಷ ನಮ್ಮ ಪಿಕಪ್ ಗಾಡಿಗೆ ಗಾಳಿ ಕಂಪ್ರೆಸರ್ ಕೂರಿಸಿಕೊಂಡೆ. "ಪಂಕ್ಚರ್ ಅಂಗಡೀಲಿ ಆಗೋ ಕೆಲಸಕ್ಕೆ ಇಷ್ಟು ದುಡ್ಡಾ?" ಅಂದಳು ಮನೆಯವಳು. ಅವಳ ಲೆಕ್ಕ ಸರಿಯೇ. ಆದರೆ ಹೊನ್ನಾಳಿ ಕಡೆ ಗದ್ದೆ ನಡುವೆ ಟ್ರ್ಯಾಕ್ಟರ್ ಟೈರು ಕೂತರೆ ಅಂಗಡಿ ನಡ್ಕೊಂಡು ಬರಲ್ವಲ್ಲ! ಅದರ ಹಿಂದಿನ ಟೈರಿಗೆ ಒತ್ತಡ ಕಡಿಮೆ ಸಾಕು, ಗಾಳಿ ಮಾತ್ರ ಸಿಕ್ಕಾಪಟ್ಟೆ ಬೇಕು.

ಮೊದಲ ದಿನವೇ ಎಡವಟ್ಟು. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕರೆಂಟ್ ಕೊಟ್ಟೆ, ಫ್ಯೂಸ್ ಢಮಾರ್. ಆ ಸಾಕೆಟ್ಟು ತಡೆಯೋದು ಸಾಮಾನ್ಯವಾಗಿ 10-15 ಆಂಪಿಯರ್. ನನ್ನ ಕಂಪ್ರೆಸರ್ ಎಳೆಯೋದು ಅದರ ದುಪ್ಪಟ್ಟು. ಆಮೇಲೆ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ನಡುವೆ ರಿಲೇ ಹಾಕಿಸಿದೆ. ಈಗ ಟ್ಯಾಂಕಿನ ಒತ್ತಡ 85 ಪಿಎಸ್‌ಐಗೆ ಇಳಿದರೆ ತಾನೇ ಶುರುವಾಗಿ 105ಕ್ಕೆ ನಿಲ್ಲುತ್ತೆ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬಂದ ಕಡೆ ಟೆಫ್ಲಾನ್ ಟೇಪು ಸುತ್ತಿದೆ. ಇನ್ನು ಫಿಲ್ಟರ್... ಜಗಳೂರಿನ ಬೇಸಿಗೆ ಧೂಳಲ್ಲಿ ಎರಡು ಟ್ರಿಪ್ ಹೊಡೆದರೆ ಸ್ಪಂಜು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತೆ.

ಇಷ್ಟೆಲ್ಲಾ ಮಾಡಿದವನು ಒಂದನ್ನು ಮರೆತೆ. ಮರೆಯಬಾರದವನೇ ಮರೆತೆ.

ಚಿಕ್ಕವನಿದ್ದಾಗ ರಜೆಯಲ್ಲಿ ದೊಡ್ಡಪ್ಪನ ಲಾರಿಗೆ ನಾನೇ ಅರೆ ಕ್ಲೀನರ್. ಚನ್ನಗಿರಿ ಆಗಿನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿದ್ದು. ಲಾರಿಯ ಕಂಪ್ರೆಸರ್ ಇಂಜಿನ್ ಜೊತೆಗೇ ತಿರುಗಿ ಬ್ರೇಕಿಗೆ ಗಾಳಿ ತುಂಬುತ್ತೆ. ಅದುಮಿದ ಗಾಳಿ ಬಿಸಿ. ಟ್ಯಾಂಕಿಗೆ ಬಂದು ಆರಿದಾಗ ಅದರೊಳಗಿನ ತೇವವೆಲ್ಲ ನೀರಾಗಿ ತಳದಲ್ಲಿ ನಿಲ್ಲುತ್ತೆ. ಬಿಡದಿದ್ದರೆ ತುಕ್ಕು, ಕಚ್ಚಿಕೊಳ್ಳೋ ವಾಲ್ವು. ದಿನಾ ಬೆಳಿಗ್ಗೆ ದೊಡ್ಡಪ್ಪ ಕೇಳೋದು ಒಂದೇ: "ಲೇ ತಮ್ಮಾ, ನೀರು ಬಿಟ್ಯಾ?"

ಒಂದು ಮಳೆಗಾಲದ ಬೆಳಿಗ್ಗೆ, ಕೆಸರಲ್ಲಿ ಲಾರಿ ಕೆಳಗೆ ತೂರಲು ಸೋಮಾರಿತನ. "ಬಿಟ್ಟೆ ದೊಡ್ಡಪ್ಪ" ಅಂದುಬಿಟ್ಟೆ. ಒಂದು ದಿನದ್ದಲ್ಲ, ಆ ವಾರ ಪೂರ್ತಿ ಹೀಗೇ. ಅಡಿಕೆ ಲೋಡಿತ್ತು. ಚನ್ನಗಿರಿ ಕಡೆಯ ಒಂದು ಇಳಿಜಾರಲ್ಲಿ ಎದುರಿಗೆ ಎತ್ತಿನಗಾಡಿ. ದೊಡ್ಡಪ್ಪ ಬ್ರೇಕ್ ತುಳಿದರು, ಲಾರಿ ಹೋಗ್ತಾನೇ ಇತ್ತು. ಗೇರ್ ಇಳಿಸಿ ಮತ್ತೆ ಮತ್ತೆ ತುಳಿದ ಮೇಲೆ ಹಿಡಿಯಿತು. ಗಾಡಿಯ ಹಿಂಬದಿಗೂ ನಮಗೂ ಒಂದು ಮಾರು ಅಂತರ... ಆ ಗಾಡಿಯವನು ತಿರುಗಿಯೂ ನೋಡಲಿಲ್ಲ.

ದೊಡ್ಡಪ್ಪ ಇಳಿದು ಟ್ಯಾಂಕಿನ ನಲ್ಲಿ ತಿರುಗಿಸಿದರು. ಕಂದು ನೀರು ಬುಸ್ ಅಂತ ಬಂತು, ಆಯಿಲ್ ಪಸೆಯೂ ಇತ್ತು. "ಕಂಪ್ರೆಸರ್ ರಿಂಗೂ ಸವೆದಿರಬೇಕು" ಅಂದರು. ನನಗೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೊನ್ನೆ ನ್ಯಾಮತಿಗೆ ಬಂದಿದ್ದರು. ವಯಸ್ಸಾಗಿದೆ, ಕಣ್ಣು ಮಂಜು. ಕಂಪ್ರೆಸರ್ ತೋರಿಸಿದೆ, ಜಂಬದಿಂದಲೇ. ಶಬ್ದ ಕೇಳಿ ತಲೆದೂಗಿದರು.

"ನೀರು ಬಿಡ್ತೀಯಾ?"

"ಬಿಡ್ತೀನಿ ದೊಡ್ಡಪ್ಪ" ಬಾಯಿಗೆ ತಾನೇ ಬಂತು!

ಬಗ್ಗಿ, ತಡವಿ, ಟ್ಯಾಂಕಿನ ಕೆಳಗೆ ಅಂಗೈ ಹಿಡಿದು ನಲ್ಲಿ ತಿರುಗಿಸಿದರು. ಕೈ ತುಂಬ ಕಂದು ನೀರು.

"ಆವತ್ತೂ ಹಿಂಗೇ ಅಂದಿದ್ದೆ" ಅಂದರು, ಪಂಚೆಗೆ ಕೈ ಒರೆಸಿಕೊಳ್ಳುತ್ತಾ.