ಹಲ್ಲಿಯ ಮೇಲಿನ ಅಪವಾದ



ಬಿಸಿಯೂಟ ಉಂಡ ಮಕ್ಕಳು ವಾಂತಿ ಮಾಡಿಕೊಂಡರೆಂಬ ಸುದ್ದಿ ಹಬ್ಬಿದೊಡನೆ ನಮ್ಮ ರಟ್ಟೀಹಳ್ಳಿ ಸೀಮೆಯಲ್ಲಿ ಮೊದಲು ಕೇಳಿಬರುವ ಮಾತು, ‘ಸಾರಿನಾಗ ಹಲ್ಲಿ ಬಿದ್ದಿತ್ತಂತ’ ಎಂಬುದು. ಎರಡನೆಯದು ಅಡುಗೆಯವಳ ಮೇಲಿನ ದೂರು. 2003ರಲ್ಲಿ ಅಕ್ಷರ ದಾಸೋಹ ನಮ್ಮ ಜಿಲ್ಲೆಗೆ ಬಂದಂದಿನಿಂದ ಈ ಎರಡನ್ನೂ ಹಲವು ಸಲ ಕೇಳಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ ಆಹಾರದ ರೋಗಾಣುಗಳನ್ನು ಗುರುತಿಸುವ ತರಬೇತಿ ಪಡೆದು ಊರಿಗೆ ಬಂದಿದ್ದಳು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಸಂಸ್ಥೆ ಅದು. ನಮ್ಮ ಭಾಗದ ಒಂದು ಶಾಲೆಯಲ್ಲಿ ಆಗಷ್ಟೇ ಇಂಥದೇ ಪ್ರಸಂಗ ನಡೆದು, ಅಡುಗೆಯ ತಾಯಿಯನ್ನು ಕೆಲಸದಿಂದ ಬಿಡಿಸಿದ್ದರು. ನಾನು ಹಲ್ಲಿಯ ಕಥೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಊಟ ಆಗಿ ಎಷ್ಟೊತ್ತಿಗೆ ವಾಂತಿ ಶುರುವಾತ್ರಿ?”

“ಎರಡು ತಾಸಿನೊಳಗೆ.”

“ಹಂಗಾದ್ರ ಹಲ್ಲಿ ಅಲ್ರೀ.”

ಮನೆಯ ಹಲ್ಲಿಗೆ ವಿಷವಿಲ್ಲ. ಅದರ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆದರೆ ಅದು ಚೆನ್ನಾಗಿ ಕುದಿಸಿದರೆ ಸಾಯುತ್ತದೆ, ಹೊಟ್ಟೆ ಸೇರಿದರೂ ರೋಗ ತೋರಲು ಸಾಮಾನ್ಯವಾಗಿ ಕನಿಷ್ಠ ಆರು ತಾಸು ಬೇಕು. ಎರಡೇ ತಾಸಿನಲ್ಲಿ ವಾಂತಿಯಾದರೆ, ಆಹಾರದಲ್ಲಿ ಮೊದಲೇ ಸಿದ್ಧವಾಗಿದ್ದ ವಿಷವನ್ನು ಶಂಕಿಸಬೇಕು. ಆಗ ಮುಖ್ಯ ಆರೋಪಿಗಳು ಇಬ್ಬರು. ಒಂದು ಸ್ಟೆಫಿಲೊಕಾಕಸ್; ಅಡುಗೆಯವರ ಮೂಗಿನಿಂದಲೋ ಕೈಮೇಲಿನ ಕೀವುಗಾಯದಿಂದಲೋ ಬರುವಂಥದು. ಇನ್ನೊಂದು ಬ್ಯಾಸಿಲಸ್ ಸೀರಿಯಸ್. ಮಣ್ಣಿನಿಂದ ಅಕ್ಕಿಗೆ ಬರುವಂಥದು. ಇದರ ಬೀಜಕಗಳು ಕುದಿಯುವ ನೀರಿನಲ್ಲೂ ಉಳಿಯುತ್ತವೆ; ಬೆಂದ ಅನ್ನ ದೊಡ್ಡ ಪಾತ್ರೆಯಲ್ಲಿ ಬೆಚ್ಚಗೆ ಬಹಳ ಹೊತ್ತು ಕೂತರೆ ಮೊಳೆತು ವಿಷ ಮಾಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು, ನಾಲಗೆಗೂ ತಿಳಿಯದು. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇಲ್ಲಿ ಏನೂ ಮಾಡಲಾರದು.

ಇಬ್ಬರಲ್ಲಿ ಯಾರೆಂದು ಹೇಳುವುದೇ ಆಕೆ ಕಲಿತು ಬಂದ ವಿದ್ಯೆ. ಬೇರ್ಡ್-ಪಾರ್ಕರ್ ಎಂಬ ಅಗಾರ್ ತಟ್ಟೆಯಲ್ಲಿ ಸ್ಟೆಫಿಲೊಕಾಕಸ್ ಕಪ್ಪು ಚುಕ್ಕೆಗಳಾಗಿ, ಸುತ್ತ ತಿಳಿಯಾದ ಬಳೆಯೊಡನೆ ಬೆಳೆಯುತ್ತದೆ. ಸೀರಿಯಸ್ ತನ್ನ ತಟ್ಟೆಯಲ್ಲಿ ಗುಲಾಬಿ ಬಣ್ಣ ತಾಳುತ್ತದೆ. ಸಾಲ್ಮೊನೆಲ್ಲಾಕ್ಕೆ ತಾಳ್ಮೆ ಹೆಚ್ಚು ಬೇಕು. 25 ಗ್ರಾಂ ಆಹಾರವನ್ನು 225 ಮಿಲಿಲೀಟರ್ ಪೆಪ್ಟೋನ್ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಇಡೀ ರಾತ್ರಿ ಇಟ್ಟು, ಬಳಲಿದ ಜೀವಿಗಳನ್ನು ಚೇತರಿಸಿಕೊಂಡು, ಮುಂದಿನ ದಿನಗಳಲ್ಲಿ ಒಂದೊಂದೇ ಮೆಟ್ಟಿಲು ಏರಬೇಕು. ಕೊನೆಗೆ ಕೆಂಪು ತಟ್ಟೆಯಲ್ಲಿ ಕಪ್ಪು ಕಣ್ಣಿನ ಚುಕ್ಕೆ ಕಾಣುತ್ತದೆ. ಅಲ್ಲಿಗೂ ಮುಗಿಯದು, ಕಪ್ಪು ಕಣ್ಣು ತೋರುವ ಬೇರೆ ಬ್ಯಾಕ್ಟೀರಿಯಾಗಳೂ ಉಂಟು. ಇನ್ನಷ್ಟು ಪರೀಕ್ಷೆಗಳಾಗದೆ ಹೆಸರು ಬರೆಯಕೂಡದೆಂದು ಆಕೆಗೆ ಕಲಿಸಿದ್ದರಂತೆ. ನಮ್ಮ ಊರ ಕಟ್ಟೆಯ ನ್ಯಾಯದವರಿಗೆ ಇಷ್ಟು ಸಂಯಮ ಎಲ್ಲಿಂದ ಬರಬೇಕು?

ಆ ಶಾಲೆಯಲ್ಲಿ ಅಂದು ಕಾರ್ಯಕ್ರಮವಿತ್ತು. ನಸುಕಿನಲ್ಲೇ ಅನ್ನ ಬೆಂದಿತ್ತು. ಅತಿಥಿಗಳು ತಡವಾಗಿ ಬಂದುದರಿಂದ ಮಕ್ಕಳು ಎಲೆಯ ಮುಂದೆ ಕೂತಾಗ ಮಧ್ಯಾಹ್ನ ಎರಡು ದಾಟಿತ್ತು. ಇದನ್ನು ಕೇಳಿ ಆಕೆ ಕೂಡಲೇ, “ಅನ್ನ ಒಂದಿಷ್ಟು ಉಳಿಸಿದಾರೇನ್ರೀ ಸರ್?” ಎಂದಳು. ಉಳಿಸಿರಲಿಲ್ಲ. ಗಾಬರಿಯಲ್ಲಿ ಎಲ್ಲವನ್ನೂ ಗುಂಡಿಗೆ ಸುರಿದು, ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದಿದ್ದರು. ಮಕ್ಕಳು ಮರುದಿನವೇ ಗುಣಮುಖರಾದ್ದರಿಂದ ಯಾರೂ ಮುಂದೆ ವಿಚಾರಿಸಲಿಲ್ಲ.

ಅಡುಗೆಯ ಆ ತಾಯಿ ಈಗ ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಸಂತೆಯಲ್ಲಿ ಸಿಕ್ಕಾಗ ನಾನು ಈ ಅನ್ನದ ವಿಚಾರವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, “ಇದನ್ನ ಕಾಗದದ ಮ್ಯಾಲೆ ಬರದು ಕೊಡ್ತೀರೇನ್ರಿ ಗುರುಗಳ?” ಎಂದರು.