ತಾನೇ ಹತ್ತುವ ಆಕಾಶಬುಟ್ಟಿ

ನಮ್ಮ ಮನೆಯ ಆಕಾಶಬುಟ್ಟಿ ಎರಡು ವರ್ಷದಿಂದ ತಾನೇ ಹತ್ತುತ್ತದೆ, ತಾನೇ ಆರುತ್ತದೆ. ಪುಣೆಯ ಕೊಥ್ರೂಡಿನಲ್ಲಿ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅದು ತೂಗುತ್ತದೆ. ಅದನ್ನು ಹತ್ತಿಸಬೇಕಾದ ನಾನೂ ನನ್ನ ಗಂಡನೂ ಆ ಹೊತ್ತಿಗೆ ಹಿಂಜವಡಿಯ ಆಫೀಸಿನಲ್ಲಿರುತ್ತೇವೆ. ದೀಪಾವಳಿಯ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ನಾವು ಮನೆ ಮುಟ್ಟುವುದು ಎಂಟೂವರೆಗೆ. ಆ ನಡುವಿನ ಹೊತ್ತು ಮನೆಯಲ್ಲಿ ಅವ್ವ ಒಬ್ಬಳೇ.

ಅಪ್ಪ ಹೋದ ಮೇಲೆ ಧಾರವಾಡದ ಮನೆಗೆ ಕೀಲಿ ಹಾಕಿ ಅವ್ವನನ್ನು ಇಲ್ಲಿಗೆ ಕರೆತಂದೆವು. ಅವಳ ಲೆಕ್ಕದಲ್ಲಿ ಇದು ಮಗಳ ಮನೆಯಲ್ಲ, ಅಳಿಯನ ಮನೆ. ಕರೆಂಟ್ ಬಿಲ್ಲೂ ಅಳಿಯನ ಹೆಸರಿಗೇ ಬರುತ್ತದೆ. ಹೀಗಾಗಿ ಸಂಜೆ ದೇವರ ಮುಂದೆ ದೀಪ ಹಚ್ಚಿ, ಹಾಲಿನಲ್ಲಿ ಒಂದೂ ಲೈಟು ಹಾಕದೆ ನಾವು ಬರುವ ತನಕ ಕತ್ತಲಲ್ಲೇ ಕೂತಿರುತ್ತಿದ್ದಳು. ಕೇಳಿದರೆ, "ಒಬ್ಬಾಕಿಗೆ ಎಷ್ಟ ಬೆಳಕ ಬೇಕಯವ್ವಾ?" ಹಬ್ಬಕ್ಕೂ ಅದೇ ಮಾತು. ಸುತ್ತಲಿನ ಎಲ್ಲ ಬಾಲ್ಕನಿಗಳಲ್ಲಿ ಕಂದೀಲು ಹೊಳೆಯುವಾಗ ನಮ್ಮದೊಂದು ಮಾತ್ರ ಕಪ್ಪು ಚೌಕ. ಸ್ವಿಚ್ಚು ಟಿವಿ ಸ್ಟ್ಯಾಂಡಿನ ಹಿಂದೆ ಕೆಳಗಿದೆ, ಬಗ್ಗಬೇಕು. ಮೊಣಕಾಲಿನ ನೆಪವೂ ಸಿಕ್ಕಿತು.

ಬೆಂಗಳೂರಿನ ನನ್ನ ತಮ್ಮ ಹಾಲಿನಲ್ಲಿ ಕ್ಯಾಮೆರಾ ಹಾಕಿಸು ಎಂದ. ಅವ್ವ ಹೇಗೆ ಕೂತಿದ್ದಾಳೆಂದು ಎರಡು ಮೀಟಿಂಗುಗಳ ನಡುವೆ ಇಣುಕಿ ನೋಡುವುದು ನನ್ನಿಂದಾಗದು. ನನಗೆ ಬೇಕಿದ್ದದ್ದು ಮುಚ್ಚಂಜೆಗೆ ಮನೆಯಲ್ಲಿ ಬೆಳಕು, ಅಷ್ಟೇ. ಸ್ಮಾರ್ಟ್ ಪ್ಲಗ್ ತಂದೆ.

ತರುವವರಿದ್ದರೆ ಕೆಲವು ಸಂಗತಿ ಹೇಳಿಬಿಡುತ್ತೇನೆ. 16 ಆಂಪಿಯರಿನ ದಪ್ಪ ಪಿನ್ನಿನದು ಗೀಜರಿಗೆ, ಲೈಟಿನ ಸಾಕೆಟ್ಟಿಗೆ ಸಣ್ಣ ಪಿನ್ನಿನದೇ ಬೇಕು. ಹೆಚ್ಚಿನ ಪ್ಲಗ್ಗುಗಳು ವೈಫೈಯ 2.4 ಗಿಗಾಹರ್ಟ್ಸ್ ಅನ್ನು ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಲು ಹೋದರೆ ಅರ್ಧ ದಿನ ಹಾಳು. ಆ್ಯಪಿನಲ್ಲಿ ಗಂಟೆ ಹಾಕುವ ಬದಲು 'ಸೂರ್ಯಾಸ್ತ' ಎಂದು ಆರಿಸಿ, ತುಳಸಿ ಲಗ್ನದ ಹೊತ್ತಿಗೆ ಹಗಲು ಗಿಡ್ಡವಾದಂತೆ ಅದೇ ಹೊಂದಿಕೊಳ್ಳುತ್ತದೆ. ಪ್ಲಗ್ಗು ಒಳಗಿರಲಿ, ವೈರು ಮಾತ್ರ ಹೊರಗೆ ಹೋಗಲಿ, ಅಕ್ಟೋಬರಿನ ಮಳೆಯನ್ನು ನಂಬುವಂತಿಲ್ಲ. ಇನ್ನು ಮಿಣುಕುವ ಸರಗಳಿಗೆ ಒಂದು ಡಬ್ಬಿ ಇರುತ್ತದಲ್ಲ, ಬಹಳಷ್ಟು ಸರಗಳಲ್ಲಿ ಅದು ಕರೆಂಟು ಬಂದಾಗಲೆಲ್ಲ ಮೊದಲಿನಿಂದ ಕುಣಿಯಲು ಶುರು ಮಾಡುತ್ತದೆ. ಸುಮ್ಮನೆ ಉರಿಯುವ ಸರವೇ ಒಳ್ಳೆಯದು. ಅವ್ವನಿಗಂತೂ "ಕಣ್ಣ ಹೊಡಿಯೋ ದೀಪ" ಕಂಡರಾಗದು.

ಮೊದಲ ಸಂಜೆ ಆಕಾಶಬುಟ್ಟಿ ಹತ್ತಿತು. ಆರೂವರೆಗೆ ನನ್ನ ಫೋನಿನಲ್ಲಿ 'ಆಫ್‌ಲೈನ್'. ಮಾರನೇ ದಿನವೂ ಹಾಗೇ. ಹಾಕಲು ಬಗ್ಗದ ಮೊಣಕಾಲು ತೆಗೆಯಲು ಬಗ್ಗುತ್ತಿತ್ತು! ಗೋಡೆಯ ಸ್ವಿಚ್ಚನ್ನೇ ಬಂದ್ ಮಾಡಿದ ಮೇಲೆ ಪ್ಲಗ್ಗು ಎಷ್ಟು ಜಾಣನಿದ್ದರೇನು? ಅವ್ವ ದೇವರ ದೀಪವನ್ನು ಎಂದೂ ಬಂದ್ ಮಾಡುವುದಿಲ್ಲ, 'ಶಾಂತ' ಮಾಡುತ್ತಾಳೆ. ಇದು ಮಾತ್ರ ಬಂದ್.

ರಾತ್ರಿ ಊಟಕ್ಕೆ ಕೂತಾಗ ಲೆಕ್ಕ ಹೇಳಿದೆ. ಸರಗಳೂ ಬುಟ್ಟಿಯ ಬಲ್ಬೂ ಸೇರಿ 25 ವ್ಯಾಟು. ದಿನಕ್ಕೆ ನಾಲ್ಕು ತಾಸು ಉರಿದರೆ ಹತ್ತು ದಿನಕ್ಕೆ ಒಂದು ಯೂನಿಟ್. ಅವ್ವ ಶಾಲಾ ಮಾಸ್ತರರ ಹೆಂಡತಿ, ಲೆಕ್ಕ ಒಪ್ಪಿದಳು. ಆಮೇಲೆ ಕೇಳಿದಳು, "ಸುಮ್ಮನ ಕೂತಾಗ ಅದು ಏನ ತಿಂತದ?"

ವೈಫೈ ಹಿಡಿದುಕೊಂಡು ಕೂತಿರಲು ಪ್ಲಗ್ಗಿಗೂ ಸುಮಾರು ಒಂದು ವ್ಯಾಟು ಬೇಕು ಎಂದೆ. ಅವಳಿಗೆ ನಗು. "ನಾಕ ತಾಸ ದುಡದು ಇಪ್ಪತ್ನಾಕ ತಾಸ ಉಣ್ಣೂದು! ಛಲೋ ಆಳ ತಂದೀ." ನನ್ನ ಗಂಡ ಅನ್ನದ ತಟ್ಟೆ ನೋಡುತ್ತ ಕೂತರು.

ಧನತ್ರಯೋದಶಿಯ ಸಂಜೆ ಬಸ್ಸು ಚಾಂದನಿ ಚೌಕದ ಹತ್ತಿರ ಆಮೆಯಂತೆ ತೆವಳುತ್ತಿತ್ತು. ಏಳೂಕಾಲು. ಫೋನು ನೋಡಿದರೆ ಲೈಟು ಉರಿಯುತ್ತಲೇ ಇದೆ. ಆರೂವರೆಗೆ ತಪ್ಪದೆ ಬಂದ್ ಮಾಡುವವಳು ಇವತ್ತೇಕೆ ಮಾಡಿಲ್ಲ? ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬೆಳಕು ಉರಿಯುತ್ತಿದೆಯೆಂದು ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾದದ್ದು ಅದೇ ಮೊದಲು. ಪಕ್ಕದ ಫ್ಲ್ಯಾಟಿನ ಸೊಸೆಗೆ ಫೋನ್ ಹಚ್ಚಿದೆ. ಆಕೆ ಬಾಲ್ಕನಿಗೆ ಹೋಗಿ ನೋಡಿ ನಗತೊಡಗಿದಳು. ಅವರ ಅತ್ತೆ ಈ ಕಡೆ, ನಮ್ಮವ್ವ ಆ ಕಡೆ, ನಡುವೆ ಕಬ್ಬಿಣದ ಕಂಬಿ. ಕಂದೀಲು ಚೆಂದ ಇದೆ ಎಂದು ಆಜಿ ಮರಾಠಿಯಲ್ಲಿ ಅಂದಿದ್ದರಂತೆ. ಬಿದಿರಿನ ಕಡ್ಡಿ, ಬಣ್ಣದ ಹಾಳೆ ತಂದು ಅಪ್ಪ ಮನೆಯಲ್ಲೇ ಬುಟ್ಟಿ ಕಟ್ಟುತ್ತಿದ್ದದ್ದನ್ನು ಅವ್ವ ಧಾರವಾಡದ ಕನ್ನಡದಲ್ಲೇ ಹೇಳುತ್ತ ಒಂದು ತಾಸು ನಿಂತಿದ್ದಳು. ಫೋನು ದೇವರ ಕೋಣೆಯಲ್ಲಿ ಬಾರಿಸುತ್ತಿತ್ತು.

ಆ ಹಬ್ಬದಲ್ಲಿ ಮತ್ತೆ ಆಫ್‌ಲೈನ್ ಬರಲಿಲ್ಲ. ಆಜಿ ಬರುವ ಹೊತ್ತಿಗೆ ಬೆಳಕು ಬೇಕಲ್ಲ.

ತುಳಸಿ ಲಗ್ನ ಮುಗಿದ ಮೇಲೆ ಸರ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಪ್ಲಗ್ಗನ್ನು ಅವ್ವನ ಕುರ್ಚಿಯ ಪಕ್ಕದ ದೀಪಕ್ಕೆ ಸಿಕ್ಕಿಸಿದೆ, ಕೈಗೆಟಕುವ ಸ್ವಿಚ್ಚಿಗೆ. ಬೇಡ ಎನ್ನಲಿಲ್ಲ. ಆದರೆ ಆ ಒಂದು ವ್ಯಾಟಿನ ಸಿಟ್ಟು ಇನ್ನೂ ಹೋಗಿಲ್ಲ. ಮುಂಜಾನೆ ಎದ್ದ ಕೂಡಲೇ ಗೋಡೆಯ ಸ್ವಿಚ್ಚು ಬಂದ್ ಮಾಡುತ್ತಾಳೆ. ಸಂಜೆ ಐದಕ್ಕೆ ಚಹಾ ಕುಡಿದು, ಎದ್ದು ಹೋಗಿ ಅದನ್ನು ಹಾಕಿ ಬರುತ್ತಾಳೆ, ಹೊತ್ತು ಮುಳುಗಿದಾಗ ದೀಪ ತಾನೇ ಹತ್ತಲಿ ಎಂದು. ಹಿಂಜವಡಿಯಲ್ಲಿ ನನ್ನ ಫೋನಿನ ಮೇಲೆ 'ಆನ್‌ಲೈನ್' ಎಂದು ಮೂಡುತ್ತದೆ. ಅವ್ವನ ಚಹಾ ಆಯಿತು.