ಬಾಲಕ್ಕೆ ಒಂದು ಉಂಡೆ ಮಣ್ಣು

ಮಕ್ಕಳೇ, ಮೇಷ್ಟರು ತರಗತಿಯಲ್ಲಿ ತಪ್ಪು ಹೇಳುತ್ತಾರೆಯೇ? ಹೇಳುತ್ತಾರೆ. ನಾನೇ ಹೇಳಿದ್ದೇನೆ. ಆ ಕಥೆ ಕೇಳಿ.

ಒಂದು ದಿನ ಏಳನೇ ತರಗತಿಯಲ್ಲಿ 'ಲಾಂಗ್-ಈಝಿ' ಎಂಬ ಪುಟ್ಟ ವಿಮಾನದ ಚಿತ್ರ ತೋರಿಸಿದೆ. ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1979ರಲ್ಲಿ. ನಕ್ಷೆ ತರಿಸಿಕೊಂಡು ಜನ ಇದನ್ನು ಮನೆಯಲ್ಲೇ ಕಟ್ಟಿಕೊಂಡರು. ಫೋಮ್ ಹಾಗೂ ಗಾಜಿನ ನಾರು ಇದರ ಮೈ. ಇದರಲ್ಲಿ ಎಲ್ಲವೂ ಹಿಂದುಮುಂದು! ಚಿಕ್ಕ ರೆಕ್ಕೆ ಮೂತಿಯ ಬಳಿ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಮತ್ತು ಪ್ರೊಪೆಲ್ಲರ್ ತೀರ ಹಿಂದೆ. ಚಿಕ್ಕ ರೆಕ್ಕೆ ಮುಂದಿರುವ ವಿಮಾನಕ್ಕೆ 'ಕೆನಾರ್ಡ್' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಬಾತುಕೋಳಿ. 1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನವೂ ಇದೇ ಜಾತಿಯದು.

ಟ್ಯಾಕ್ಸಿ ಓಡಿಸುವವರ ಮಗಳೊಬ್ಬಳು ಎದ್ದು ನಿಂತಳು. "ಸಾರ್, ನಮ್ಮಪ್ಪನ ಕಾರಿನ ಡೀಸೆಲ್ ಎಂಜಿನ್ ಇದಕ್ಕೆ ಕೂರಿಸಿದ್ರೆ ಹಾರುತ್ತಾ?"

"ಶಕ್ತಿ ಸಾಕಾದರೆ ಹಾರದೆ ಏನು?" ಎಂದುಬಿಟ್ಟೆ. ಗಂಟೆ ಹೊಡೆಯಿತು. ಅವಳು ಖುಷಿಯಿಂದ ಮನೆಗೆ ಹೋದಳು.

ನನಗೆ ಮಾತ್ರ ರಾತ್ರಿ ಅನುಮಾನ ಶುರುವಾಯಿತು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೆಂಟು ಪಾಲಿನಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಅಲ್ಲಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಡೆಯಲು ಲೋಹ ದಪ್ಪಗಿರಬೇಕು. ಜೊತೆಗೆ ರೇಡಿಯೇಟರ್, ಅದರ ತುಂಬ ನೀರು. ಲಾಂಗ್-ಈಝಿಗೆ ಸಾಮಾನ್ಯವಾಗಿ ಕೂರಿಸುವ ಎಂಜಿನ್ನಿಗೆ ಗಾಳಿಯೇ ತಂಪು, ರೇಡಿಯೇಟರ್ ಬೇಕಿಲ್ಲ. ಹಾಗಾದರೆ ಈ ಹೆಚ್ಚಿನ ಭಾರವೆಲ್ಲ ಬೀಳುವುದು ಎಲ್ಲಿ? ಬಾಲದ ಮೇಲೆ!

ಬಿದಿರು ಕಡ್ಡಿಗೆ ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ ಎರಡು ರೆಕ್ಕೆ ಅಂಟಿಸಿದೆ. ಚಿಕ್ಕ ರೆಕ್ಕೆಯ ಮುಂದಿನ ಅಂಚನ್ನು ತುಸು ಎತ್ತಿದೆ. ದೊಡ್ಡ ರೆಕ್ಕೆಗೆ ಸ್ವಲ್ಪ ಮುಂದೆ ಬೆರಳಿಟ್ಟರೆ ಕಡ್ಡಿ ಸಮವಾಗಿ ನಿಲ್ಲುವಂತೆ ಮೂತಿಗೆ ಜೇಡಿಮಣ್ಣು ಮೆತ್ತಿ ಎಸೆದೆ. ಚೆನ್ನಾಗಿ ತೇಲಿತು. ಬಾಲಕ್ಕೆ ಒಂದು ಉಂಡೆ ಮಣ್ಣು ಸೇರಿಸಿದೆ. ಮೂತಿ ಮೇಲೆದ್ದು, ಮಗುಚಿ ನೆಲಕ್ಕೆ ಬಿತ್ತು. ಸರಿದೂಗಿಸಲು ಮೂತಿಗೂ ಮಣ್ಣು ಹೆಚ್ಚಿಸಿದೆ. ಮತ್ತೆ ತೇಲಿತು, ಆದರೆ ಮೊದಲಿಗಿಂತ ಜೋರಾಗಿ ಎಸೆಯಬೇಕಾಯಿತು. ನಿಜವಾದ ವಿಮಾನವಾದರೆ ಅದಕ್ಕೆ ಉದ್ದದ ರನ್‌ವೇ ಬೇಕು.

ಮಾರನೆಯ ದಿನ ಮಾದರಿಯನ್ನು ತರಗತಿಗೆ ಒಯ್ದೆ. "ನಿನ್ನೆ ನಾನು ಹೇಳಿದ್ದು ತಪ್ಪು. ಶಕ್ತಿ ಇದ್ದರೆ ಸಾಲದು, ಭಾರ ಎಷ್ಟು, ಎಲ್ಲಿ ಎಂಬುದನ್ನೂ ನೋಡಬೇಕು" ಎಂದೆ. ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ಡೀಸೆಲ್ ಹಾರೋದೇ ಇಲ್ವಾ ಸಾರ್?"

ಹಾರುತ್ತದೆ! ಮರ್ಸಿಡಿಸ್ 'ಎ-ಕ್ಲಾಸ್' ಕಾರಿನ 1.7 ಲೀಟರ್ ಡೀಸೆಲ್ ಎಂಜಿನ್ನನ್ನು ಜರ್ಮನಿಯ ಥೀಲರ್ಟ್ ಕಂಪನಿ ವಿಮಾನಕ್ಕಾಗಿ ಮಾರ್ಪಡಿಸಿತು. 2002ರಲ್ಲಿ ಅದಕ್ಕೆ ಯುರೋಪಿನಲ್ಲಿ ಮನ್ನಣೆ ಸಿಕ್ಕಿತು. ಅದಕ್ಕೆ ಇಂಧನ ಕಡಿಮೆ ಸಾಕು. ಜೆಟ್ ವಿಮಾನದ ಸೀಮೆಎಣ್ಣೆಯಲ್ಲೂ ಅದು ಓಡುತ್ತದೆ. ಆದರೆ ಕಾರಿನಿಂದ ಬಿಚ್ಚಿ ಹಾಗೇ ಬಿಗಿದದ್ದಲ್ಲ. ಎಂಜಿನ್ ನಿಮಿಷಕ್ಕೆ ಸುಮಾರು 3900 ಸುತ್ತು ತಿರುಗಿದಾಗ ಪ್ರೊಪೆಲ್ಲರ್ 2300 ಸುತ್ತು ಮಾತ್ರ ತಿರುಗಲು ಗೇರ್‌ಬಾಕ್ಸ್ ಬೇಕಾಯಿತು. ಎಂಜಿನ್ನಿನ ಒಂದೊಂದು ಹೊಡೆತವೂ ಪ್ರೊಪೆಲ್ಲರನ್ನು ಅದುರಿಸದಂತೆ ಆ ಹೊಡೆತವನ್ನು ಹೀರುವ ಏರ್ಪಾಡೂ ಬೇಕಾಯಿತು. ಎಂಜಿನ್ ಹಿಂದಿರುವ ಕೆನಾರ್ಡಿನಲ್ಲಿ ಕಾರಿನ ಡೀಸೆಲ್ ಎಂಜಿನ್ ಕೂರಿಸುವವರು ಇದರ ಜೊತೆಗೆ ಬಾಲದ ಭಾರವನ್ನೂ ಅಳೆದು ತೂಗಬೇಕು. ಬ್ಯಾಟರಿಯಂಥ ಭಾರದ ವಸ್ತುವನ್ನು ಮೂತಿಗೆ ಸರಿಸುವುದು ಒಂದು ಉಪಾಯ.

ಕಾರಿನ ಎಂಜಿನ್ ಕೆಟ್ಟರೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಬಹುದು. ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸುವ ಜಾಗವಿಲ್ಲ. ಅದಕ್ಕೇ ಈ ಲೆಕ್ಕವೆಲ್ಲ ನೆಲದ ಮೇಲೇ ಆಗಬೇಕು.

ನೀವೂ ಈ ಮಾದರಿ ಮಾಡಿ. ಮಣ್ಣಿನ ಉಂಡೆಯನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸರಿಸಿ. ಯಾವ ಜಾಗ ದಾಟಿದರೆ ವಿಮಾನ ಮಗುಚುತ್ತದೆ? ಗುರುತು ಹಾಕಿ, ನಿಮ್ಮ ಮೇಷ್ಟರಿಗೆ ತೋರಿಸಿ. ಅವರು ಬೇರೆ ಜಾಗ ಹೇಳಿದರೆ, "ಬನ್ನಿ ಸಾರ್, ಎಸೆದು ನೋಡೋಣ" ಎನ್ನಿ.